ಕಾವಲಿನ ಮನೆ, ಕಡಲ ಕಾಲೇಜು

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್‌ನ ಹೆಸರು ಈಗ ದೂರದೂರಿನವರಿಗೂ ಗೊತ್ತು. 2016ರ ಜನವರಿ 3ರಂದು ಅಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಅಡಿಗಲ್ಲು ಹಾಕಲಾಯಿತು. 2023ರ ಫೆಬ್ರುವರಿ 6ರಂದು ಅದರ ಉದ್ಘಾಟನೆಯೂ ಆಯಿತು. ದನಕರುಗಳ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲಿಗೆ ಕಾವಲ್ ಎಂದು ಹೆಸರು. ಅಂಥ ಹೆಸರಿನ ನೆಲದಲ್ಲಿ ಹೆಲಿಕಾಪ್ಟರ್ ಹಾರುವುದನ್ನು ಕಂಡ ತಂದೆತಾಯಿಗಳಿಗೆ ಮಕ್ಕಳೆಲ್ಲ ಎಂಜಿನಿಯರ್ ಆಗಲಿ ಎನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಪಿಯುಸಿಯಲ್ಲಿ ವಿಜ್ಞಾನ ಓದಿದ ಎಲ್ಲ ಮಕ್ಕಳ ಮನಸ್ಸೂ ಯಂತ್ರದ ಕಡೆಗೇ ಇರುವುದಿಲ್ಲ.

ಆ ಕಡೆಯ ಒಂದು ರೈತರ ಮನೆಯನ್ನು ಕಲ್ಪಿಸಿಕೊಳ್ಳೋಣ. ಮಗಳು ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ, ಗಣಿತದಲ್ಲಿ ಸುಮಾರು. ವೈದ್ಯಕೀಯ ಸೀಟು ಸಿಗುವಷ್ಟು ಅಂಕವಿಲ್ಲ, ದುಡ್ಡು ಕೊಟ್ಟು ಸೀಟು ಕೊಳ್ಳುವ ಶಕ್ತಿ ಮನೆಗಿಲ್ಲ. ಸಿಇಟಿ ಅರ್ಜಿಯಲ್ಲಿ ಕೋರ್ಸುಗಳ ಪಟ್ಟಿ ನೋಡುತ್ತಾ ಅವಳು ಕೇಳುತ್ತಾಳೆ: "ಅಪ್ಪಾ, ಬಿಎಫ್‌ಎಸ್‌ಸಿ ಅಂತ ಒಂದಿದೆ. ಮೀನುಗಾರಿಕೆ ವಿಜ್ಞಾನ. ಹಾಕಲಾ?" ಅಪ್ಪ ತಲೆಯೆತ್ತಿ, "ಏನವ್ವಾ, ಮೀನು ಹಿಡಿಯೋಕೂ ಡಿಗ್ರಿ ಬೇಕಾ? ನಮಗೂ ಸಮುದ್ರಕ್ಕೂ ಎಲ್ಲಿಂದೆಲ್ಲಿಯ ನಂಟು?" ಎನ್ನುತ್ತಾನೆ. ಒಳಗಿನಿಂದ ಅಜ್ಜಿ, "ನಮ್ಮನೇಲಿ ಮೀನು ತಿನ್ನೋರೇ ಇಲ್ಲ, ಇವಳು ಮೀನು ಓದ್ತಾಳಂತೆ" ಎಂದು ಗೊಣಗುತ್ತಾಳೆ. ಅರ್ಜಿ ತುಂಬುವ ಕೊನೆಯ ದಿನ ಹತ್ತಿರದಲ್ಲಿದೆ.

ಈ ಮೂರು ಮಾತುಗಳಿಗೂ ಉತ್ತರ ಸಿಕ್ಕ ಮೇಲೆಯೇ ಮನೆಯವರು ನಿರ್ಧಾರ ಮಾಡುವುದು ಒಳ್ಳೆಯದು. ಏಕೆಂದರೆ ಇದು ಮಗಳ ನಾಲ್ಕು ವರ್ಷದ ಪ್ರಶ್ನೆ. ಗೊತ್ತಿಲ್ಲದೆ ಬೇಡವೆಂದರೆ ಒಂದು ಒಳ್ಳೆಯ ದಾರಿ ತಪ್ಪುತ್ತದೆ, ಗೊತ್ತಿಲ್ಲದೆ ಸೇರಿದರೆ ನಾಲ್ಕು ವರ್ಷ ಕಳೆದುಹೋಗುತ್ತದೆ.

ಮೀನು ಹಿಡಿಯುವುದಷ್ಟೇ ಅಲ್ಲ

ಮೊದಲ ಪ್ರಶ್ನೆ: ಮೀನು ಹಿಡಿಯಲು ಪದವಿ ಬೇಕೆ? ಬೇಡ. ಬಲೆ ಬೀಸುವುದು, ಗಾಳ ಹಾಕುವುದು, ಕೂಳಿ ಇಡುವುದು, ಯಾವ ಗಾಳಿಗೆ ಮೀನು ಕೆರೆಯ ಯಾವ ಮೂಲೆಗೆ ಬರುತ್ತದೆ ಎಂದು ಹೇಳುವುದು, ಇವೆಲ್ಲ ಬೆಸ್ತರು, ಗಂಗಾಮತಸ್ಥರು, ಕರಾವಳಿಯ ಮೊಗವೀರರು ತಲೆತಲಾಂತರದಿಂದ ಬಲ್ಲ ವಿದ್ಯೆ. ಅದನ್ನು ಯಾವ ವಿಶ್ವವಿದ್ಯಾನಿಲಯವೂ ಅವರಿಗೆ ಕಲಿಸಬೇಕಾಗಿಲ್ಲ.

ಪದವಿ ಬೇಕಾಗುವುದು ಬೇರೆ ಪ್ರಶ್ನೆಗಳಿಗೆ. ಈ ಕೆರೆಗೆ ಎಷ್ಟು ಮರಿ ಬಿಡಬೇಕು? ಬಿಟ್ಟ ಮರಿಗಳಲ್ಲಿ ಎಷ್ಟು ಉಳಿಯುತ್ತವೆ? ರಾತ್ರಿ ಚೆನ್ನಾಗಿದ್ದ ಮೀನು ಬೆಳಗಾಗುವುದರೊಳಗೆ ಏಕೆ ಸತ್ತು ತೇಲಿತು? ಹಿಡಿದ ಮೀನನ್ನು ಕೆಡದಂತೆ ನೂರಾರು ಮೈಲಿ ಸಾಗಿಸುವುದು ಹೇಗೆ? ಸಮುದ್ರದಲ್ಲಿ ಬಂಗುಡೆ, ಬೂತಾಯಿ ಒಂದು ವರ್ಷ ರಾಶಿ ಬಿದ್ದು ಮರುವರ್ಷ ಕಾಣೆಯಾಗುವುದೇಕೆ? ಇವುಗಳಿಗೆ ಉತ್ತರ ಹುಡುಕಲು ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಅಂಕಿಅಂಶ ಶಾಸ್ತ್ರ, ಅರ್ಥಶಾಸ್ತ್ರ ಎಲ್ಲವೂ ಬೇಕು. ಇವನ್ನೆಲ್ಲ ನೀರಿನ ದಡದಲ್ಲಿ ಒಟ್ಟಿಗೆ ನಿಲ್ಲಿಸಿದರೆ ಅದೇ ಮೀನುಗಾರಿಕೆ ವಿಜ್ಞಾನ.

ಒಂದೇ ಉದಾಹರಣೆ ನೋಡಬಹುದು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಮೂವತ್ತು ಡಿಗ್ರಿ ಸೆಲ್ಸಿಯಸ್ ಬಿಸಿಯ ಒಂದು ಲೀಟರ್ ನೀರು, ಗಾಳಿಯೊಡನೆ ಸಮತೋಲದಲ್ಲಿದ್ದಾಗ, ಕರಗಿಸಿ ಇಟ್ಟುಕೊಳ್ಳುವುದು ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಮೀನು ಬದುಕುವುದು ಈ ಬಡ ಉಗ್ರಾಣದಿಂದ. ಹಗಲಿನಲ್ಲಿ ನೀರಿನ ಹಸಿರು ಪಾಚಿ ಬಿಸಿಲು ಹೀರಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ಕೆಸರಿನ ಬ್ಯಾಕ್ಟೀರಿಯಾ ಎಲ್ಲವೂ ಉಸಿರಾಡುವುದಷ್ಟೇ, ಕೊಡುವವರು ಯಾರೂ ಇಲ್ಲ. ಹಾಗಾಗಿ ನಸುಕಿನ ಹೊತ್ತಿಗೆ ಆಮ್ಲಜನಕ ಅತ್ಯಂತ ಕಡಿಮೆ. ಕೆರೆಗೆ ಊರಿನ ಚರಂಡಿ ಸೇರಿದ್ದರೆ, ಮೇಲಾಗಿ ಎರಡು ದಿನ ಮೋಡ ಕವಿದಿದ್ದರೆ, ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತವೆ. ಸೂರ್ಯ ಹುಟ್ಟುವುದರೊಳಗೆ ಸಾಯುತ್ತವೆ. ಊರವರು "ಯಾರೋ ವಿಷ ಹಾಕಿದರು" ಎಂದು ಜಗಳಕ್ಕೆ ನಿಲ್ಲುತ್ತಾರೆ. ಕೆಲವೊಮ್ಮೆ ಅದೂ ನಿಜವಿರಬಹುದು. ಆದರೆ ನೀರಿನ ಪರೀಕ್ಷೆ ಮಾಡದೆ ಹೇಳುವುದು ಹೇಗೆ? 2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಿದ್ದಾಗ ಎಲ್ಲರ ಬಾಯಲ್ಲೂ ಇದೇ ಆಮ್ಲಜನಕದ ಮಾತು ಬಂತು. ಪಿಯುಸಿಯ ದ್ಯುತಿಸಂಶ್ಲೇಷಣೆಯ ಪಾಠ ಕೆರೆಯ ಏರಿಯ ಮೇಲೆ ಹೀಗೆ ಜೀವ ತಳೆಯುತ್ತದೆ.

ನಮಗೂ ಸಮುದ್ರಕ್ಕೂ ಏನು ನಂಟು?

ಎರಡನೆಯ ಮಾತು ಸಮುದ್ರದ್ದು. ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್. ಅದು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಎಂಬ ಮೂರೇ ಜಿಲ್ಲೆಗಳ ಪಾಲು. ಮೀನು ಎಂದೊಡನೆ ಬಯಲುಸೀಮೆಯವರಿಗೆ ಮಲ್ಪೆಯ ದೋಣಿಗಳೇ ನೆನಪಾಗುವುದು ಸಹಜ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. 2022-23ರಲ್ಲಿ ಭಾರತದ ಮೀನಿನ ಉತ್ಪಾದನೆ ಸುಮಾರು 175 ಲಕ್ಷ ಟನ್. ಅದರಲ್ಲಿ ಸುಮಾರು 131 ಲಕ್ಷ ಟನ್ ಬಂದದ್ದು ಒಳನಾಡಿನ ಕೆರೆ, ಕೊಳ, ಹೊಳೆ, ಜಲಾಶಯಗಳಿಂದ. ಎಂದರೆ ನಾಲ್ಕರಲ್ಲಿ ಮೂರು ಪಾಲು ಸಮುದ್ರದ್ದಲ್ಲ.

ಇನ್ನು ತುಮಕೂರು ಸೀಮೆಯಂತೂ ಕೆರೆಗಳ ನಾಡು. ಗುಬ್ಬಿಯ ಕೆರೆ, ಕಡಬದ ಕೆರೆ, ಜನಪದರ ಹಾಡಿಗೆ ವಸ್ತುವಾದ ಕುಣಿಗಲ್ ದೊಡ್ಡಕೆರೆ, ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ. ಹೇಮಾವತಿ ನಾಲೆಯ ನೀರು ಬರುವ ವರ್ಷ ಕೆರೆ ತುಂಬುತ್ತದೆ, ಬಾರದ ವರ್ಷ ಬೇಸಿಗೆಗೆ ಬಿರುಕು ಬಿಡುತ್ತದೆ. ಇಂಥ ಕೆರೆಗಳಲ್ಲಿ ಮೀನು ಸಾಕುವುದು ಸಮುದ್ರದಲ್ಲಿ ಬಲೆ ಎಳೆಯುವುದಕ್ಕಿಂತ ಬೇರೆಯೇ ವಿದ್ಯೆ. ನೀರು ಎಷ್ಟು ತಿಂಗಳು ನಿಲ್ಲುತ್ತದೆ, ಕೋಡಿ ಬಿದ್ದರೆ ಎಷ್ಟು ಮೀನು ಹರಿದುಹೋಗುತ್ತದೆ, ತೂಬು ಎತ್ತಿದರೆ ಎಷ್ಟು ನೀರು ಉಳಿಯುತ್ತದೆ ಎಂಬುದೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಒಂದು ಲೆಕ್ಕವನ್ನು ಮಾದರಿಗಾಗಿ ಮಾಡಿ ನೋಡಬಹುದು. ಹತ್ತು ಹೆಕ್ಟೇರ್ ನೀರು ನಿಲ್ಲುವ ಒಂದು ಕೆರೆಗೆ ಹೆಕ್ಟೇರಿಗೆ 2,000ದಂತೆ 20,000 ಮರಿ ಬಿಟ್ಟರೆಂದು ಇಟ್ಟುಕೊಳ್ಳಿ. ಮರಿಗಳು ಬೆರಳುದ್ದ ಬಲಿತಿದ್ದು ನೂರಕ್ಕೆ 40 ಉಳಿದರೆ 8,000 ಮೀನು. ಒಂದೊಂದೂ ಮುಕ್ಕಾಲು ಕಿಲೋ ತೂಗಿದರೆ ಆರು ಟನ್. ಅದೇ ಕೆರೆಗೆ ಅಗ್ಗವೆಂದು ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ಸುರಿದು, ಕೊರವ ಮೀನು, ಹಾವು, ನೀರುಕಾಗೆಗಳು ತಿಂದು ನೂರಕ್ಕೆ 10 ಮಾತ್ರ ಉಳಿದರೆ 2,000 ಮೀನು, ಒಂದೂವರೆ ಟನ್. ಕೆರೆ ಅದೇ, ನೀರು ಅದೇ, ಗುತ್ತಿಗೆ ಹಣವೂ ಅದೇ. ವ್ಯತ್ಯಾಸ ನಾಲ್ಕೂವರೆ ಟನ್. ಕೆರೆಯನ್ನು ಗುತ್ತಿಗೆಗೆ ಹಿಡಿದ ಮೀನುಗಾರರ ಸಹಕಾರ ಸಂಘಕ್ಕೆ ಇದು ಸಾಲ ತೀರುವ ಮತ್ತು ತೀರದಿರುವ ನಡುವಿನ ಅಂತರ. ಈ ಅಂತರವನ್ನು ಮೊದಲೇ ಹೇಳಬಲ್ಲವರು ಊರಿಗೆ ಬೇಕು. ಅವರು ಸಮುದ್ರ ತೀರದವರೇ ಆಗಿರಬೇಕೆಂಬ ನಿಯಮವೇನಿಲ್ಲ.

ದೇಶದ ಮೊದಲ ಮೀನುಗಾರಿಕೆ ಕಾಲೇಜು

ಕರ್ನಾಟಕದ ಮಕ್ಕಳಿಗೆ ಒಂದು ಹೆಮ್ಮೆಯ ಸಂಗತಿಯಿದೆ. ಭಾರತದ ಮೊದಲ ಮೀನುಗಾರಿಕೆ ಕಾಲೇಜು ಆರಂಭವಾದದ್ದು ಮಂಗಳೂರಿನಲ್ಲಿ, 1969ರಲ್ಲಿ. ಆಗ ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಭಾಗವಾಗಿತ್ತು. ತಮಿಳುನಾಡಿನ ತೂತ್ತುಕುಡಿ, ಕೇರಳದ ಪನಂಗಾಡ್ ಮೊದಲಾದ ಕಡೆ ಇಂಥ ಕಾಲೇಜುಗಳು ಬಂದದ್ದು ಆನಂತರ. ಮಂಗಳೂರಿಗೆ ಈ ವಿಷಯ ಹೊಸದೂ ಆಗಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸುಲ್ಲಿವನ್ ಥಾಮಸ್ 1870ರಲ್ಲೇ ಈ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ವರದಿ ಬರೆದಿದ್ದರು. ಹೊಳೆಯ ಮೀನುಗಳ ಬಗ್ಗೆ ಅವರು ಬರೆದ ಪುಸ್ತಕ 1873ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ.

ಈಗ ಈ ಕಾಲೇಜು ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. 2004ರ ಕಾಯ್ದೆಯಂತೆ ರೂಪುಗೊಂಡ ಆ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೀದರ್‌ನಲ್ಲಿದೆ. ಸೀಟು ಹಂಚಿಕೆಯ ಕಾಗದದಲ್ಲಿ ಬೀದರ್ ಎಂಬ ಹೆಸರು ಕಂಡು "ಅಷ್ಟು ದೂರವೇ" ಎಂದು ಪಾಲಕರು ಹೆದರಬೇಕಾಗಿಲ್ಲ. ತರಗತಿ ನಡೆಯುವುದು ಮಂಗಳೂರಿನ ಎಕ್ಕೂರಿನಲ್ಲಿ, ನೇತ್ರಾವತಿ ನದಿಗೆ ಹತ್ತಿರದಲ್ಲಿ. ಕುಣಿಗಲ್‌ನಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾಟಿ ಬಸ್ಸಿನಲ್ಲಿ ಒಂದು ರಾತ್ರಿಯ ಪ್ರಯಾಣ.

ಈ ಕಾಲೇಜಿನಿಂದ ಬಂದ ಸಂಶೋಧನೆಗೂ ಹೆಸರಿದೆ. ಇಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಇಡ್ಯಾ ಕರುಣಾಸಾಗರ್ ಮುಂದೆ ರೋಮ್‌ನಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಮೀನಿನ ಆಹಾರ ಸುರಕ್ಷತೆಯ ಕೆಲಸ ಮಾಡಿದರು. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗದ ವೈರಸ್ ಭಾರತದ ಸಿಗಡಿ ಕೊಳಗಳನ್ನು ಬರಿದು ಮಾಡಿದಾಗ, ಮರಿಯಲ್ಲಿ ರೋಗವಿದೆಯೇ ಎಂದು ಕೊಳಕ್ಕೆ ಬಿಡುವ ಮೊದಲೇ ಪರೀಕ್ಷಿಸುವ ವಿದ್ಯೆ ಎಷ್ಟು ಅಗತ್ಯ ಎಂಬುದು ಸಾಕಣೆದಾರರಿಗೆ ಅರಿವಾಯಿತು. ಮಂಗಳೂರಿನ ಪ್ರಯೋಗಾಲಯ ಆ ಕೆಲಸದಲ್ಲಿ ಮುಂದಿತ್ತು.

ನಾಲ್ಕು ವರ್ಷ ಏನು ಓದುತ್ತಾರೆ?

ಬಿಎಫ್‌ಎಸ್‌ಸಿ ನಾಲ್ಕು ವರ್ಷದ, ಎಂಟು ಸೆಮಿಸ್ಟರುಗಳ ಪದವಿ. ಮೀನು ಮತ್ತು ಸಿಗಡಿ ಸಾಕಣೆ, ಮೀನಿನ ಸಂಪನ್ಮೂಲ ನಿರ್ವಹಣೆ, ನೀರಿನ ಪರಿಸರ, ಮೀನಿನ ಸಂಸ್ಕರಣೆ, ಮೀನಿನ ರೋಗಗಳು, ದೋಣಿ ಮತ್ತು ಬಲೆಯ ಎಂಜಿನಿಯರಿಂಗ್, ವಿಸ್ತರಣಾ ಶಿಕ್ಷಣ, ಅರ್ಥಶಾಸ್ತ್ರ ಇವು ಮುಖ್ಯ ವಿಭಾಗಗಳು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಆದರೆ ಅರ್ಧ ಕಲಿಕೆ ಕೊಳದ ದಡದಲ್ಲಿ, ದೋಣಿಯ ಮೇಲೆ, ಮೀನು ಇಳಿಸುವ ಧಕ್ಕೆಯಲ್ಲಿ. ಕೊನೆಯ ವರ್ಷ ಹಳ್ಳಿಗಳಲ್ಲಿ, ಮೀನುಮರಿ ಕೇಂದ್ರಗಳಲ್ಲಿ, ಸಂಸ್ಕರಣಾ ಘಟಕಗಳಲ್ಲಿ ನಿಂತು ಕಲಿಯುವುದೂ ಇದೆ.

ಈ ಓದಿನ ರುಚಿ ಗೊತ್ತಾಗಬೇಕಾದರೆ ಒಂದು ಕಥೆ ತಿಳಿಯಬೇಕು. ಕಾಟ್ಲಾ, ರೋಹು, ಮೃಗಾಲ್ ನಮ್ಮ ಕೆರೆಗಳಲ್ಲಿ ಸಾಕುವ ಮುಖ್ಯ ಗೆಂಡೆ ಮೀನುಗಳು. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ, ರೋಹು ನಡುಭಾಗದಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತದೆ. ಒಂದರ ತುತ್ತಿಗೆ ಇನ್ನೊಂದು ಹೆಚ್ಚು ಕೈಹಾಕುವುದಿಲ್ಲವಾದ್ದರಿಂದ ಮೂರನ್ನೂ ಒಂದೇ ಕೆರೆಯಲ್ಲಿ ಬೆಳೆಸಬಹುದು. ತೆಂಗಿನ ನೆರಳಿನಲ್ಲಿ ಬಾಳೆ, ಅದರ ಬುಡದಲ್ಲಿ ಅರಿಸಿನ ಬೆಳೆದಂತೆ. ಆದರೆ ಒಂದು ತೊಡಕಿತ್ತು. ಈ ಮೀನುಗಳು ನಿಂತ ನೀರಿನಲ್ಲಿ ಬೆಳೆಯುತ್ತವೆ, ಮರಿ ಮಾಡುವುದಿಲ್ಲ. ಮುಂಗಾರಿನಲ್ಲಿ ಹೊಳೆ ಉಕ್ಕಿ ಹರಿದಾಗ ಮಾತ್ರ ಮೊಟ್ಟೆಯಿಡುತ್ತವೆ. ಹಾಗಾಗಿ ಹೊಳೆಯಿಂದ ಸಂಗ್ರಹಿಸಿದ ಮರಿಗಳನ್ನು ಮಡಕೆಗಳಲ್ಲಿ ತುಂಬಿ ಕಲ್ಕತ್ತೆಯಿಂದ ರೈಲಿನಲ್ಲಿ ಊರೂರಿಗೆ ಸಾಗಿಸುತ್ತಿದ್ದ ಕಾಲವಿತ್ತು. ದಾರಿಯಲ್ಲಿ ಎಷ್ಟೋ ಸಾಯುತ್ತಿದ್ದವು. ಉಳಿದವುಗಳಲ್ಲಿ ಯಾವ ಮರಿ ಯಾವ ಜಾತಿಯದೆಂಬುದೂ ಖಾತ್ರಿಯಿರಲಿಲ್ಲ.

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಈ ಗಂಟನ್ನು ಬಿಡಿಸಿದರು. ಮೀನಿನ ಮೆದುಳಿನ ಕೆಳಗೆ ಕಾಳಿನಷ್ಟು ಸಣ್ಣ ಪಿಟ್ಯುಟರಿ ಗ್ರಂಥಿಯಿರುತ್ತದೆ. ಬಲಿತ ಮೀನಿನಿಂದ ಅದನ್ನು ತೆಗೆದು, ಅರೆದು, ರಸವನ್ನು ತಾಯಿಮೀನಿಗೆ ಸೂಜಿಯಿಂದ ಚುಚ್ಚಿದರು. ಹೊಳೆಯ ಪ್ರವಾಹ ಮಾಡುತ್ತಿದ್ದ ಕೆಲಸವನ್ನು ಹಾರ್ಮೋನು ಮಾಡಿತು. ಕೊಳದ ನೀರಿನಲ್ಲೇ ಮೊಟ್ಟೆ ಬಂತು. ಇಂದು ಗ್ರಂಥಿಯ ಬದಲು ಸಿದ್ಧ ಹಾರ್ಮೋನು ಚುಚ್ಚುಮದ್ದು ಸಿಗುತ್ತದೆ. ಸಂಜೆ ಚುಚ್ಚಿದರೆ ಬೆಳಗಿನ ಜಾವಕ್ಕೆ ಮೊಟ್ಟೆ, ಮರುದಿನದೊಳಗೆ ಕೂದಲೆಳೆಯಂಥ ಮರಿ. ಒಂದು ಕಿಲೋ ತೂಕದ ರೋಹು ಎರಡು ಲಕ್ಷಕ್ಕೂ ಹೆಚ್ಚು ಮೊಟ್ಟೆಯಿಡಬಲ್ಲದು. ಜುಲೈ 10 ಈಗ ರಾಷ್ಟ್ರೀಯ ಮೀನುಕೃಷಿಕರ ದಿನ. ಗುಬ್ಬಿಯ ಸಂತೆಯಲ್ಲಿ ಕಾಟ್ಲಾ ಮಾರಾಟಕ್ಕೆ ಬಂದಿದ್ದರೆ ಅದರ ಹಿಂದೆ ಅಂಗುಲ್‌ನ ಆ ದಿನವಿದೆ. ಹತ್ತನೆಯ ತರಗತಿಯಲ್ಲಿ ಪಿಟ್ಯುಟರಿಯ ಚಿತ್ರ ಬರೆದು ಅಂಕ ತೆಗೆದುಕೊಂಡ ಹುಡುಗಿ ಇಲ್ಲಿ ಅದೇ ಗ್ರಂಥಿಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಾಳೆ.

ಸಂಸ್ಕರಣೆಯ ವಿಭಾಗವೂ ಕಡಿಮೆಯದಲ್ಲ. ಮೀನು ಸತ್ತ ಗಳಿಗೆಯಿಂದ ಕೆಡಲು ತೊಡಗುತ್ತದೆ. ಮೀನಿನಷ್ಟೇ ತೂಕದ ಮಂಜುಗಡ್ಡೆ ಹಾಕುವುದು ರೂಢಿಯ ಅಳತೆ. ಅದರಲ್ಲಿ ಜಿಪುಣತನ ಮಾಡಿದರೆ ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ವಿದೇಶಕ್ಕೆ ಹೋದ ಸಿಗಡಿಯಲ್ಲಿ ಸೋಂಕೋ ನಿಷೇಧಿತ ಔಷಧದ ಅಂಶವೋ ಕಂಡರೆ ಇಡೀ ಸರಕು ಹಿಂದಕ್ಕೆ ಬರುತ್ತದೆ. ಬಿಳಿ ಕೋಟು ತೊಟ್ಟು ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಆಸೆಯಿರುವವರಿಗೆ ಇಲ್ಲಿ ಜಾಗವಿದೆ.

ಪ್ರವೇಶದ ದಾರಿ

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಕರ್ನಾಟಕದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯೇ ಹೆಬ್ಬಾಗಿಲು. ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ ಕೋರ್ಸುಗಳಂತೆ ಇಲ್ಲಿಯೂ ಕೃಷಿಕರ ಮಕ್ಕಳಿಗೆ ಒಂದು ಪಾಲು ಸೀಟು ಮೀಸಲಿದೆ. ಅದನ್ನು ಬಯಸುವವರು ಕೃಷಿಕ ಕುಟುಂಬದ ದಾಖಲೆಗಳನ್ನು ಒದಗಿಸಿ ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯಬೇಕು. ಹಳ್ಳಿಯ ಮಕ್ಕಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಸಿಇಟಿ ಬರೆದಿರುತ್ತಾರೆ, ಪ್ರಾಯೋಗಿಕ ಪರೀಕ್ಷೆಯ ದಿನ ಗೊತ್ತಿರುವುದಿಲ್ಲ. ಅಥವಾ ಆದಾಯ, ಜಮೀನಿನ ದಾಖಲೆಗೆ ಕೊನೆಯ ವಾರ ನಾಡಕಚೇರಿಗೆ ಓಡುತ್ತಾರೆ. ನಿಯಮ, ಶುಲ್ಕ, ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ಕೈಪಿಡಿಯನ್ನು ತಂದೆಯೂ ಮಗಳೂ ಕೂಡಿ ಕುಳಿತು ಮೊದಲಿಂದ ಕೊನೆಯವರೆಗೆ ಓದುವುದೇ ಸರಿಯಾದ ಕ್ರಮ. ಪಕ್ಕದ ಮನೆಯ ಹುಡುಗನಿಗೆ ಎರಡು ವರ್ಷದ ಹಿಂದೆ ಸಿಕ್ಕ ರ‍್ಯಾಂಕು ಈ ವರ್ಷಕ್ಕೆ ಅಳತೆಗೋಲಲ್ಲ.

ಬೇರೆ ರಾಜ್ಯಗಳ ಕಾಲೇಜುಗಳಿಗೆ ಹೋಗಬಯಸುವವರಿಗೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಪಾಲಿನ ಸೀಟುಗಳಿವೆ. ಅವಕ್ಕೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬೇರೆ.

ಕೆಲಸ ಸಿಗುತ್ತದೆಯೇ?

ಪಾಲಕರ ನಿಜವಾದ ಪ್ರಶ್ನೆ ಇದೇ. ಇದಕ್ಕೆ ಸಿಹಿ ಹಚ್ಚದ ಉತ್ತರವೇ ಒಳ್ಳೆಯದು.

ಸರ್ಕಾರಿ ಕೆಲಸವಿದೆ. ರಾಜ್ಯದ ಮೀನುಗಾರಿಕೆ ಇಲಾಖೆಯಲ್ಲಿ ಸಹಾಯಕ ನಿರ್ದೇಶಕರ ಹುದ್ದೆಗಳಿವೆ. ಆದರೆ ಅವುಗಳ ನೇಮಕಾತಿ ಪ್ರತಿವರ್ಷ ನಡೆಯುವುದಿಲ್ಲ. ಪ್ರಕಟಣೆಗಾಗಿ ಕಾದು ಕುಳಿತು ವಯಸ್ಸು ಕಳೆದುಕೊಂಡವರು ಎಲ್ಲ ಪದವಿಗಳಲ್ಲೂ ಇದ್ದಾರೆ, ಇದರಲ್ಲೂ ಇದ್ದಾರೆ. ಅದೊಂದನ್ನೇ ನಂಬಿ ಸೇರಬಾರದು.

ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ಮೀನುಗಾರಿಕೆ ವಿಜ್ಞಾನದ ನಾಲ್ಕು ವರ್ಷದ ಪದವಿಯೂ ಅರ್ಹತೆ. ಇದು ಅನೇಕ ಪಾಲಕರಿಗೆ ಗೊತ್ತೇ ಇಲ್ಲ. ಕೃಷಿ ಪದವೀಧರರ ಜೊತೆ ಸ್ಪರ್ಧಿಸಬೇಕು, ಆದ್ದರಿಂದ ಬೇಸಾಯದ ಸಾಮಾನ್ಯ ಜ್ಞಾನವೂ ಬೇಕು. ರೈತರ ಮನೆಯ ಮಗಳಿಗೆ ಅದು ಕಷ್ಟವಲ್ಲ.

ಖಾಸಗಿಯಲ್ಲಿ ಸಿಗಡಿ ಮರಿ ಕೇಂದ್ರಗಳು, ಮೀನಿನ ಆಹಾರದ ಕಂಪನಿಗಳು, ರಫ್ತು ಘಟಕಗಳ ಗುಣಮಟ್ಟ ವಿಭಾಗಗಳು ಪದವೀಧರರನ್ನು ತೆಗೆದುಕೊಳ್ಳುತ್ತವೆ. ಇಂಥ ಕೆಲಸ ಹೆಚ್ಚಿರುವುದು ಆಂಧ್ರದ ಕರಾವಳಿಯಲ್ಲಿ. ಊರು ಬಿಡಬೇಕು, ತೆಲುಗು ಕಲಿಯಬೇಕು, ರಾತ್ರಿ ಎರಡು ಗಂಟೆಗೆ ಎದ್ದು ಕೊಳದ ಆಮ್ಲಜನಕ ಅಳೆಯಬೇಕು. ಮೊದಲ ಒಂದೆರಡು ವರ್ಷ ಸಂಬಳ ಸಾಧಾರಣ. ಕೆಲಸ ಬಲ್ಲವರು ಮೇಲೇರುತ್ತಾರೆ.

ಓದನ್ನು ಮುಂದುವರಿಸುವವರಿಗೆ ದಾರಿ ಅಗಲವಾಗಿದೆ. ಎರಡು ವರ್ಷದ ಎಂಎಫ್‌ಎಸ್‌ಸಿ, ಆಮೇಲೆ ಪಿಎಚ್‌ಡಿ. ಮುಂಬೈನ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆ 1961ರಲ್ಲಿ ಸ್ಥಾಪನೆಯಾಗಿ 1989ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಿತು. ಕೊಚ್ಚಿಯಲ್ಲಿ ಸಮುದ್ರ ಮೀನುಗಾರಿಕೆಗೆ ಒಂದು, ಮೀನಿನ ತಂತ್ರಜ್ಞಾನಕ್ಕೆ ಇನ್ನೊಂದು, ಭುವನೇಶ್ವರದಲ್ಲಿ ಸಿಹಿನೀರಿನ ಮೀನು ಸಾಕಣೆಗೆ ಒಂದು, ಹೀಗೆ ಕೇಂದ್ರೀಯ ಸಂಶೋಧನಾ ಸಂಸ್ಥೆಗಳಿವೆ. ಪರೀಕ್ಷೆಯಲ್ಲಿ ಮುಂದಿರುವವರಿಗೆ ವಿದ್ಯಾರ್ಥಿವೇತನವೂ ಸಿಗುತ್ತದೆ.

ಇನ್ನು ಸ್ವಂತ ಉದ್ಯೋಗ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ನಂತರ ಮೀನು ಸಾಕಣೆಯ ಬಗ್ಗೆ ಮಾತು ಹೆಚ್ಚಿದೆ. ಅರ್ಧ ಎಕರೆಯಲ್ಲಿ ಲಕ್ಷ ಲಕ್ಷ ಎಂಬ ಜಾಹೀರಾತಿನ ಮಾತನ್ನು ನಂಬಿ ಟ್ಯಾಂಕು ಕಟ್ಟಿಸಿ ಕೈಸುಟ್ಟುಕೊಂಡವರಿದ್ದಾರೆ. ಕರೆಂಟು ಎರಡು ಗಂಟೆ ಹೋದರೆ ಗಾಳಿಯ ಪಂಪು ನಿಂತು ಟ್ಯಾಂಕಿನ ಮೀನೆಲ್ಲ ಸಾಯಬಹುದು ಎಂದು ಜಾಹೀರಾತು ಹೇಳುವುದಿಲ್ಲ, ಓದಿದವರು ಹೇಳಬಲ್ಲರು. ಬಯಲುಸೀಮೆಯಲ್ಲಿ ದೊಡ್ಡ ಕೊರತೆಯಿರುವುದು ಸರಿಯಾದ ಹೊತ್ತಿಗೆ ಒಳ್ಳೆಯ ಬಲಿತ ಮರಿ ಸಿಗದಿರುವುದರಲ್ಲಿ. ಮೀನು ಬೆಳೆಸುವುದಕ್ಕಿಂತ ಮರಿ ಬೆಳೆಸಿ ಮಾರುವುದು ಊರಿಗೂ ಬೇಕು, ಪದವಿಗೂ ತಕ್ಕದ್ದು. ಆದರೆ ಅದಕ್ಕೆ ಬಂಡವಾಳಕ್ಕಿಂತ ಮೊದಲು ಎರಡು ವರ್ಷ ಬೇರೆಯವರ ಮರಿ ಕೇಂದ್ರದಲ್ಲಿ ದುಡಿದ ಅನುಭವ ಬೇಕು.

ಸೀಟು ಸಿಗದಿದ್ದರೆ? ಪ್ರಾಣಿಶಾಸ್ತ್ರದೊಡನೆ ಬಿಎಸ್‌ಸಿ ಮಾಡಿ, ಕರ್ನಾಟಕ ವಿಶ್ವವಿದ್ಯಾಲಯದ ಕಾರವಾರ ಕೇಂದ್ರದಲ್ಲಿ ಸಮುದ್ರ ಜೀವಶಾಸ್ತ್ರದ ಎಂಎಸ್‌ಸಿ ಓದುವ ದಾರಿಯಿದೆ. ಆದರೆ ಬಿಎಫ್‌ಎಸ್‌ಸಿಯನ್ನೇ ಕೇಳುವ ಹುದ್ದೆಗಳಿಗೆ ಆ ಪದವಿ ಸಾಲದು. ಸೇರುವ ಮೊದಲೇ ಇದು ತಿಳಿದಿರಲಿ.

ಅಜ್ಜಿಯ ಮಾತು

ಕೊನೆಗೆ ಅಜ್ಜಿಯ ಗೊಣಗಾಟ. ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಸಸ್ಯಾಹಾರಿ ಮನೆಯ ಮಕ್ಕಳು ಈ ಪದವಿಗೆ ಸೇರಬಹುದು. ತಿನ್ನಲೇಬೇಕೆಂದು ಯಾರೂ ಒತ್ತಾಯಿಸುವುದಿಲ್ಲ. ಆದರೆ ಮೀನನ್ನು ಕೈಯಲ್ಲಿ ಹಿಡಿಯಬೇಕು, ಕೊಯ್ದು ನೋಡಬೇಕು, ವಾಸನೆಯ ನಡುವೆ ಗಂಟೆಗಟ್ಟಲೆ ನಿಲ್ಲಬೇಕು. ಜೀವ ಕೊಯ್ಯಲು ಕೈ ನಡುಗುವ ಮಗುವನ್ನು ಸೀಟು ಸಿಕ್ಕಿತೆಂಬ ಒಂದೇ ಕಾರಣಕ್ಕೆ ದೂಡಿದರೆ ಅದು ಮಗುವಿಗೆ ಶಿಕ್ಷೆ. ಅದೇ ರೀತಿ, ಮಗುವಿಗೆ ಮನಸ್ಸಿದ್ದು "ಜನ ಏನೆನ್ನುತ್ತಾರೋ" ಎಂದು ತಡೆದರೆ ಅದೂ ಶಿಕ್ಷೆಯೇ. ಇನ್ನೊಂದು ಮಾತು. ಮೀನು ಹಿಡಿಯುವವರ ಕಸುಬನ್ನು ಕೀಳೆಂದು ನೋಡುವ ಅಭ್ಯಾಸ ಊರುಗಳಲ್ಲಿ ಇನ್ನೂ ಇದೆ. ಈ ಪದವಿ ಪಡೆದವರು ಜೀವನವಿಡೀ ಆ ಜನರ ಜೊತೆಗೇ ಕೆಲಸ ಮಾಡಬೇಕು. ಅವರ ಮುಂದೆ ಕುಳಿತು ಕೇಳಿ ಕಲಿಯುವ ವಿನಯವಿಲ್ಲದವರಿಗೆ ಚಿನ್ನದ ಪದಕ ಬಂದರೂ ಕೆರೆಯ ವಿದ್ಯೆ ಹತ್ತುವುದಿಲ್ಲ. ಆ ಸಮುದಾಯಗಳ ಮಕ್ಕಳೇ ಹೆಚ್ಚು ಹೆಚ್ಚಾಗಿ ಈ ಕಾಲೇಜಿನ ಮೆಟ್ಟಿಲೇರಬೇಕಾದದ್ದಂತೂ ಎಲ್ಲಕ್ಕಿಂತ ಮುಖ್ಯ.

ಅರ್ಜಿ ತುಂಬುವ ಮೊದಲು ಮನೆಯವರು ಎರಡು ಕೆಲಸ ಮಾಡಬಹುದು. ಮೊದಲನೆಯದು, ಹೆಸರಘಟ್ಟಕ್ಕೆ ಒಂದು ದಿನದ ಪ್ರಯಾಣ. ಅಲ್ಲಿ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ತುಮಕೂರಿನಿಂದ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. ಮರಿಗಳ ತೊಟ್ಟಿಯ ಮುಂದೆ ಮಗಳು ಎಷ್ಟು ಹೊತ್ತು ನಿಲ್ಲುತ್ತಾಳೆ, ಏನೇನು ಕೇಳುತ್ತಾಳೆ ಎಂದು ಅಪ್ಪ ಗಮನಿಸಲಿ. ಎರಡನೆಯದಕ್ಕೆ ಬಸ್ಸಿನ ದುಡ್ಡೂ ಬೇಡ. ಒಂದು ದಿನ ಬೆಳಕು ಹರಿಯುವ ಮುಂಚೆ ಎದ್ದು ಇಬ್ಬರೂ ಊರಿನ ಕೆರೆಯ ಏರಿಯ ಮೇಲೆ ಹೋಗಿ ನಿಲ್ಲಲಿ. ಬಲೆ ಎಳೆಯಲು ಬಂದವರೊಡನೆ ಅರ್ಧ ಗಂಟೆ ಮಾತಾಡಲಿ. ಮರಿ ಎಲ್ಲಿಂದ ತಂದಿರಿ, ಎಷ್ಟು ಬಿಟ್ಟಿರಿ, ಎಷ್ಟು ಉಳಿಯಿತು, ಯಾರಿಗೆ ಮಾರುತ್ತೀರಿ ಎಂದು ಮಗಳೇ ಕೇಳಲಿ. ಮನೆಗೆ ಬರುವಾಗ ಅವಳಲ್ಲಿ ಹೊಸ ಪ್ರಶ್ನೆಗಳು ಹುಟ್ಟಿದ್ದರೆ ಆ ಕೋರ್ಸನ್ನು ಆಯ್ಕೆಯ ಪಟ್ಟಿಯಲ್ಲಿ ಮೇಲೆ ಬರೆಯಬಹುದು. ಬರೀ ನಿದ್ದೆ ಬಂದಿದ್ದರೆ ಬೇರೆ ಕೋರ್ಸು ನೋಡಬಹುದು, ಅದರಲ್ಲಿ ತಪ್ಪೇನಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತಿದೆ. ಕಾವಲಿನ ಮೇಲೆ ಹಾರುವ ಹೆಲಿಕಾಪ್ಟರ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಏರಿಯ ಕೆಳಗಿನ ಕೆರೆ ಬೀಳುವುದಿಲ್ಲ. ಎರಡಕ್ಕೂ ಓದಿದವರು ಬೇಕು.